ಮೀಟರ್ ಹಿಡಿದು ಆ ಮನೆಗೆ ಹೋಗುವ ಮುನ್ನ

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಅಲೌಕಿಕ ಎನ್ನಲಾಗುವ ಘಟನೆಗಳ ಬಗ್ಗೆ ಎರಡು ವರ್ಷಗಳಿಂದ ಓದುತ್ತಿದ್ದೇವೆ, ಒಂದೆರಡು ಉಪಕರಣಗಳನ್ನೂ ಕೊಂಡಿದ್ದೇವೆ. ಪರಿಚಯದ ಕುಟುಂಬವೊಂದು 4 ತಿಂಗಳ ಹಿಂದೆ ಒಂದು ಹಳೆಯ ಮನೆಗೆ ಬಾಡಿಗೆಗೆ ಬಂದಿದೆ. ರಾತ್ರಿ 11ರ ನಂತರ ಮೇಲ್ಗಡೆ ಯಾರೋ ನಡೆದಂತೆ ಸದ್ದಾಗುತ್ತದೆ. ಅಲ್ಲಿ ಯಾರೂ ಇಲ್ಲ. 12 ವರ್ಷದ ಮಗಳು ಎರಡು ಸಲ ಬೆಳಗಿನ ಜಾವ ಎಚ್ಚರವಾದಾಗ ಕೈಕಾಲು ಆಡಿಸಲಾಗದೆ ಮಲಗಿದ್ದಳಂತೆ, ಬಾಗಿಲ ಬಳಿ ಕಪ್ಪು ಆಕೃತಿ ನಿಂತಿತ್ತಂತೆ. ತಾಯಿಗೆ ಆ ಮನೆಗೆ ಬಂದಂದಿನಿಂದ ತಲೆನೋವು, ಜೊತೆಗೆ ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಎಂಬ ಭಾವನೆ. ನೆಂಟರ ಮನೆಗೆ ಹೋದಾಗ ಎರಡೂ ಇರುವುದಿಲ್ಲ. ನಾವು ಒಮ್ಮೆ ಹೋಗಿ ಬಂದೆವು. ಮಗಳ ಮಂಚದ ತಲೆಭಾಗದಲ್ಲಿ ಇಎಂಎಫ್ (ವಿದ್ಯುತ್ಕಾಂತ ಕ್ಷೇತ್ರ) ಮೀಟರ್ ಕೆಂಪು ದೀಪ ತೋರಿಸಿತು, ಒಂದು ಮೂಲೆ ವಿಪರೀತ ತಣ್ಣಗಿತ್ತು, ಮೊಬೈಲ್ ರೆಕಾರ್ಡಿಂಗ್‌ನಲ್ಲಿ 'ಬಿಡು' ಎಂದ ಹಾಗೆ ಕೇಳಿಸಿತು. ಮುಂದಿನ ಶನಿವಾರ ಇಡೀ ರಾತ್ರಿ ಅಲ್ಲಿರಲು ಕರೆದಿದ್ದಾರೆ. ಇನ್ನೂ ಯಾವ ಉಪಕರಣ ಬೇಕು? ಹೇಗೆ ನಡೆಸಬೇಕು? ನಮ್ಮಲ್ಲೊಬ್ಬ ವಿಡಿಯೊ ಮಾಡಿ ಎಲ್ಲರಿಗೂ ತೋರಿಸೋಣ ಎನ್ನುತ್ತಾನೆ. ಕೊನೆಗೆ ಆ ಮನೆಯವರಿಗೆ ಏನೆಂದು ಹೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಆ ತಾಯಿಯ ತಲೆನೋವು. ಕಪ್ಪು ಆಕೃತಿಯನ್ನು ಆಮೇಲೆ ನೋಡೋಣ. ಶನಿವಾರದವರೆಗೆ ಕಾಯದೆ ಇಂದೇ ಅವರಿಗೆ ಫೋನ್ ಮಾಡಿ ಕೇಳಿ: ಮನೆಯೊಳಗೆ ಗ್ಯಾಸ್ ಗೀಸರ್, ಇದ್ದಿಲ ಒಲೆ, ಸೀಮೆಎಣ್ಣೆ ಸ್ಟೌ, ಪಕ್ಕದಲ್ಲೆಲ್ಲಾದರೂ ಜನರೇಟರ್, ಹೀಗೆ ಏನಾದರೂ ಉರಿಯುವಂಥದ್ದು ಇದೆಯೇ? ಅದರ ಹೊಗೆ ಎಲ್ಲಿಂದ ಹೊರಹೋಗುತ್ತದೆ? ತಲೆನೋವು ತಾಯಿಗೆ ಮಾತ್ರವೇ, ಉಳಿದವರಿಗೂ ಇದೆಯೇ?

ಗಾಳಿ ಸಾಲದೆ ಉರಿಯುವ ಯಾವುದೇ ಇಂಧನ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವಾಗಿ ಒಳಸೇರಿದರೆ ತಲೆನೋವು, ಓಕರಿಕೆ, ತಲೆಸುತ್ತು, ಮಂಕು. ಹೆಚ್ಚಾದರೆ ನಿದ್ದೆಯಲ್ಲೇ ಸಾವು. 'ಮನೆ ಬಿಟ್ಟು ಹೋದರೆ ಸರಿಹೋಗುತ್ತದೆ' ಎಂಬುದು ಅದರ ಗುರುತುಗಳಲ್ಲಿ ಒಂದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನೋಡಿ ನೆಮ್ಮದಿಯಾಗಬೇಡಿ. ಈ ಅನಿಲ ಅಂಟಿಕೊಂಡ ರಕ್ತವನ್ನು ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ವೈದ್ಯರು ರಕ್ತಪರೀಕ್ಷೆ ಮಾಡಿಸಿಯೇ ಹೇಳಬೇಕು. ಉರಿಯುವ ವಸ್ತು ಇದೆ ಎಂದಾದರೆ ಅದನ್ನು ಆರಿಸಲಿ, ಕಿಟಕಿಗಳನ್ನು ತೆರೆಯಲಿ, ತಾಯಿ ವೈದ್ಯರನ್ನು ಕಾಣಲಿ, ತಿಳಿದವರು ಬಂದು ಪರೀಕ್ಷಿಸುವವರೆಗೆ ಅದನ್ನು ಮತ್ತೆ ಹಚ್ಚುವುದು ಬೇಡ.

ಇದು ನನ್ನ ಕಲ್ಪನೆಯಲ್ಲ. 1921ರಲ್ಲಿ ವಿಲಿಯಂ ವಿಲ್ಮರ್ ಎಂಬ ಅಮೆರಿಕದ ನೇತ್ರವೈದ್ಯರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ಕಥೆ ಬರೆದರು. ಹಳೆಯ ಮನೆಗೆ ಬಂದ ಮೇಲೆ ರಾತ್ರಿ ಹೆಜ್ಜೆ ಸದ್ದು, ಯಾರೋ ಹಿಂಬಾಲಿಸುತ್ತಿರುವ ಭಾವನೆ, ಬಿಳಿಚಿಕೊಂಡ ಮಕ್ಕಳು, ತಲೆನೋವು. ಎಲ್ಲವೂ ನಿಮ್ಮ ಪತ್ರದಿಂದಲೇ ಎತ್ತಿಕೊಂಡಂತಿದೆ. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟುಹೋಗಿ, ಹೊಗೆ ಚಿಮಣಿಗೆ ಹೋಗುವ ಬದಲು ಕೋಣೆಗಳಿಗೆ ನುಗ್ಗುತ್ತಿತ್ತು. ಕುಲುಮೆ ರಿಪೇರಿಯಾಯಿತು, ದೆವ್ವವೂ ಹೋಯಿತು. ನಿಮ್ಮ ಪರಿಚಯದವರ ಮನೆಯಲ್ಲೂ ಇದೇ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ತಲೆನೋವಿಗೆ ನೂರು ಕಾರಣಗಳಿವೆ. ಆದರೆ ಕೊಲ್ಲಬಲ್ಲ ಕಾರಣವನ್ನು ಮೊದಲು ನೋಡಬೇಕು. ಯಾವ ಉಪಕರಣ ಕೊಳ್ಳಬೇಕು ಎಂದು ಕೇಳಿದಿರಲ್ಲ, ಮೊದಲನೆಯದು ಕಾರ್ಬನ್ ಮಾನಾಕ್ಸೈಡ್ ಅಲಾರಂ. ಹೋದ ಮನೆಗೆಲ್ಲ ಅದನ್ನು ಒಯ್ಯಿರಿ.

ಈಗ ಉಳಿದದ್ದು.

ನಾನು ಕಟ್ಟಡಗಳ ಶಬ್ದ ಮತ್ತು ಕಂಪನ ಅಳೆಯುವ ಎಂಜಿನಿಯರ್. ಮೇಲ್ಮಹಡಿಯ ಯಂತ್ರ ಕೆಳಗಿನವರ ನಿದ್ದೆ ಕೆಡಿಸುತ್ತಿದೆಯೇ ಎಂದು ನೋಡಲು ಕರೆಯುತ್ತಾರೆ, ಹೋಗುತ್ತೇನೆ. 'ಯಂತ್ರವೇ ಇಲ್ಲ, ಆದರೂ ಸದ್ದು' ಎನ್ನುವ ಮನೆಗಳಿಗೂ ಹೋಗಿ ಹೋಗಿ ಇದು ಎರಡನೆಯ ವೃತ್ತಿಯಂತಾಗಿದೆ. ಆರಂಭದ ವರ್ಷಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ, ಏಕೆಂದರೆ ಶನಿವಾರ ನೀವು ಅದನ್ನೇ ಮಾಡುವ ಅಪಾಯವಿದೆ. ಒಂದು ಮನೆಯ ಹಿಂಬದಿಯ ಕೋಣೆಯಲ್ಲಿ ಮೀಟರ್ ನೋಡುತ್ತಾ, ಮನೆಯವರೆಲ್ಲ ಸುತ್ತ ನಿಂತಿದ್ದಾಗ, 'ಇಲ್ಲೇನೋ ವಿಚಿತ್ರವಾಗಿದೆ' ಎಂದು ನನ್ನಷ್ಟಕ್ಕೆ ಗೊಣಗಿದೆ. ಗೋಡೆಯ ಹಿಂದೆ ದಪ್ಪ ಕೇಬಲ್ ಇತ್ತು. ಅರ್ಧ ಗಂಟೆಯಲ್ಲಿ ಗೊತ್ತಾಯಿತು, ಅದನ್ನೂ ಹೇಳಿ ಬಂದೆ. ಆರು ವರ್ಷದ ನಂತರ ಬೇರೆ ಕೆಲಸಕ್ಕೆ ಅದೇ ಮನೆಗೆ ಹೋದರೆ ಆ ಕೋಣೆಗೆ ಬೀಗ. 'ನೀವೇ ಹೇಳಿದ್ದಿರಲ್ಲ' ಎಂದರು. ಕೇಬಲ್‌ನ ಮಾತು ಯಾರಿಗೂ ನೆನಪಿರಲಿಲ್ಲ. ನಾನು ಮೊದಲ ಸಲ ಬಂದಾಗ ಕೂಸಾಗಿದ್ದ ಹುಡುಗ ಆ ಬಾಗಿಲ ಮುಂದೆ ಓಡಿಕೊಂಡೇ ದಾಟುತ್ತಿದ್ದ.

ಮೀಟರ್ ಹಿಡಿದವರ ಬಾಯಿಂದ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಹೆದರಿದ ಮನೆಗೆ ನೀವು ಕಾಲಿಟ್ಟ ಕ್ಷಣದಿಂದ ನಿಮ್ಮ ಹುಬ್ಬು ಮೇಲೇರಿದ್ದೂ ಅವರಿಗೆ ಸಾಕ್ಷ್ಯವೇ. ಕೆಂಪು ದೀಪ ಹತ್ತಿದಾಗ ನೀವು ನಾಲ್ವರೂ ಪರಸ್ಪರ ಮುಖ ನೋಡಿಕೊಂಡಿರಬೇಕು. ಆ ಹುಡುಗಿಯೂ ಅಲ್ಲಿದ್ದಳೇ?

ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ. ಹೆಜ್ಜೆ ಸದ್ದು, ಆಕೃತಿ, ತಲೆನೋವು, ತಣ್ಣನೆಯ ಮೂಲೆ, ಕೆಂಪು ದೀಪ, ಧ್ವನಿ, ಈ ಆರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದೀರಿ. ಇವೆಲ್ಲ ಒಂದೇ ಮನೆಯಲ್ಲಿ ಆದವು, ನಿಜ. ಅಷ್ಟಕ್ಕೆ ಎಲ್ಲದಕ್ಕೂ ಒಬ್ಬನೇ ಕರ್ತೃ ಇರಬೇಕೆಂದಿಲ್ಲ. ಪೋಣಿಸುವವರೆಗೆ ಪ್ರತಿಯೊಂದೂ ಸಣ್ಣ ಪ್ರಶ್ನೆ. ಪೋಣಿಸಿದ ಮೇಲೆ ಅದು ದೆವ್ವದ ಮನೆ. ದಾರ ಬಿಚ್ಚಿ, ಒಂದೊಂದನ್ನೇ ಹಿಡಿಯಿರಿ.

ಹೆಜ್ಜೆ ಸದ್ದು ನನ್ನ ಕಸುಬಿನದು, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಹಗಲು ಕಾದ ಮನೆ ರಾತ್ರಿ ತಣಿಯುತ್ತದೆ. 6 ಮೀಟರ್ ಉದ್ದದ ಕಬ್ಬಿಣದ ಪೈಪು 15 ಡಿಗ್ರಿ ತಣಿದರೆ ಸುಮಾರು 1 ಮಿಲಿಮೀಟರ್ ಕುಗ್ಗುತ್ತದೆ. ಒಂದು ಮಿಲಿಮೀಟರ್ ಏನು ಮಹಾ ಎನ್ನಬಹುದು. ಆದರೆ ಪೈಪನ್ನು ಗೋಡೆಗೆ ಬಿಗಿದ ಕ್ಲಾಂಪುಗಳು ಅದನ್ನು ಸುಮ್ಮನೆ ಜಾರಲು ಬಿಡುವುದಿಲ್ಲ. ಸೆಳೆತ ಸೇರುತ್ತಾ ಹೋಗಿ, ಹಿಡಿತ ಸೋತಾಗ ಕೂದಲೆಳೆಯಷ್ಟು ಜಾರುತ್ತದೆ: ಟಕ್. ಮತ್ತೆ ಸೆಳೆತ, ಮತ್ತೆ ಟಕ್. ತಣಿಯುವ ವೇಗ ಹೆಚ್ಚುಕಡಿಮೆ ಒಂದೇ ಸಮನಾಗಿರುವುದರಿಂದ ಟಕ್‌ಗಳ ನಡುವಿನ ಅಂತರವೂ ಸುಮಾರಾಗಿ ಒಂದೇ. ಒಂದು ಕ್ಲಾಂಪ್ ಸಡಿಲವಾದರೆ ಭಾರ ಮುಂದಿನದಕ್ಕೆ ಬೀಳುತ್ತದೆ, ಹಾಗಾಗಿ ಸದ್ದು ಕೋಣೆಯ ಈ ತುದಿಯಿಂದ ಆ ತುದಿಗೆ 'ನಡೆದು' ಹೋಗುತ್ತದೆ. ತಗಡಿನ ಚಾವಣಿ, ಮರದ ತೊಲೆ ಕೂಡ ಇದನ್ನೇ ಮಾಡುತ್ತವೆ. ಕತ್ತಲಲ್ಲಿ ಮಲಗಿ ಕೇಳಿದರೆ ನಾನೂ ಅದನ್ನು ಹೆಜ್ಜೆ ಎಂದೇ ಅಂದುಕೊಳ್ಳುತ್ತೇನೆ.

ಇನ್ನೊಂದು, ಸದ್ದು ಬಂದ ದಿಕ್ಕನ್ನು ನಂಬಬೇಡಿ. ಕಾಂಕ್ರೀಟ್, ಇಟ್ಟಿಗೆಗಳ ಒಳಗೆ ಶಬ್ದ ಗಾಳಿಗಿಂತ ಹಲವು ಪಟ್ಟು ವೇಗವಾಗಿ ಓಡಿ, ಹೊರಬರಲು ಅನುಕೂಲವಿದ್ದ ಕಡೆ ಹೊರಬರುತ್ತದೆ. ಪಕ್ಕದ ಮನೆಯ ನಡಿಗೆ ನಿಮ್ಮ ತಲೆಯ ಮೇಲೆ ಕೇಳಿಸುತ್ತದೆ. ಕೆನಡಾದ ಟೊರಾಂಟೊದಲ್ಲಿ ಮೆಕೆಂಜಿ ಹೌಸ್ ಎಂಬ ಹಳೆಯ ಮನೆಯ ಮೆಟ್ಟಿಲ ಮೇಲೆ ರಾತ್ರಿ ಹೆಜ್ಜೆ ಕೇಳಿಸುತ್ತದೆ ಎಂದು ದೊಡ್ಡ ಸುದ್ದಿಯಾಗಿತ್ತು. 1970ರ ದಶಕದಲ್ಲಿ ಜೋ ನಿಕೆಲ್ ಎಂಬ ತನಿಖೆಗಾರರು ಅಲ್ಲಿಗೆ ಹೋಗಿ, ದೆವ್ವದ ಮನೆಯನ್ನು ನೋಡಿದ್ದರ ಜೊತೆಗೆ ಪಕ್ಕದ ಕಟ್ಟಡವನ್ನೂ ನೋಡಿದರು. ಆ ಗೋಡೆಗೆ ಸಮಾನಾಂತರವಾಗಿ ಪಕ್ಕದ ಕಟ್ಟಡದೊಳಗೆ ಒಂದು ಕಬ್ಬಿಣದ ಮೆಟ್ಟಿಲಿತ್ತು. ರಾತ್ರಿ ಹೊತ್ತು ಅಲ್ಲಿನ ಕೆಲಸದವರು ಹತ್ತಿ ಇಳಿಯುತ್ತಿದ್ದರು. ಎಲ್ಲರೂ ಮನೆಯೊಳಗೇ ಹುಡುಕಿದ್ದರು, ಅಷ್ಟೇ. ಆದ್ದರಿಂದ ಶನಿವಾರ ನಿಮ್ಮಲ್ಲೊಬ್ಬರು ಮನೆಯ ಹೊರಗೆ, ಅಕ್ಕಪಕ್ಕದವರ ಒಪ್ಪಿಗೆ ಪಡೆದು, ಕಿವಿ ತೆರೆದು ನಿಲ್ಲಲಿ. ಪಂಪು ಯಾವಾಗ ಶುರುವಾಗುತ್ತದೆ, ಮಾಳಿಗೆಯಲ್ಲಿ ಇಲಿ ಹಿಕ್ಕೆ ಇದೆಯೇ, ಕೊನೆಯ ನೆರೆಯವರು ಎಷ್ಟು ಗಂಟೆಗೆ ಬರುತ್ತಾರೆ ನೋಡಿ. ಬೇಸರದ ಕೆಲಸ, ಒಪ್ಪುತ್ತೇನೆ.

ಇನ್ನೂ ಒಂದು ಸಾಧ್ಯತೆಯನ್ನು ತಳ್ಳಿಹಾಕಬೇಡಿ: ಮೇಲೆ ನಿಜವಾಗಿಯೂ ಮನುಷ್ಯರೊಬ್ಬರು ನಡೆಯುತ್ತಿರಬಹುದು. ಬೀಗ, ಮಾಳಿಗೆಯ ಬಾಗಿಲು, ಹಿಂದಿನ ಬಾಡಿಗೆದಾರರ ಬಳಿ ಉಳಿದ ಕೀಲಿ ಇವನ್ನು ವಿಚಾರಿಸಿ. ಅನುಮಾನ ಬಂದರೆ ಕ್ಯಾಮೆರಾ ಹಿಡಿದು ಮೆಟ್ಟಿಲು ಹತ್ತಬೇಡಿ, ಪೊಲೀಸರಿಗೆ ಹೇಳಿ.

ಮಗಳಿಗೆ ಆದದ್ದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ: ನಿದ್ರಾ ಪಾರ್ಶ್ವವಾಯು. ಹೆಸರು ಕೇಳಿ ಗಾಬರಿಯಾಗಬೇಡಿ, ಲಕ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಮಿದುಳು ಕೈಕಾಲಿನ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದವರು ಹಾಸಿಗೆಯಿಂದಲೂ ಓಡುತ್ತಿದ್ದರು. ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ಕಟ್ಟು ಬಿಚ್ಚುವುದು ತಡವಾಗುತ್ತದೆ. ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ಕನಸೂ ಇನ್ನೂ ಓಡುತ್ತಿದೆ. ಎದೆಯ ಮೇಲೆ ಭಾರ, ಬಾಗಿಲಲ್ಲಿ ಯಾರೋ ನಿಂತ ಆಕೃತಿ ಇದರ ತೀರಾ ಸಾಮಾನ್ಯ ರೂಪಗಳು. ನೂರರಲ್ಲಿ ಏಳೆಂಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಆಗುವಂಥದ್ದು. ನಿದ್ದೆಗೆಟ್ಟಾಗ, ಮಲಗುವ ಹೊತ್ತು ಏರುಪೇರಾದಾಗ, ಬೆನ್ನ ಮೇಲೆ ಮಲಗಿದಾಗ ಹೆಚ್ಚು. ಹೊಸ ಮನೆ, ರಾತ್ರಿ 11ರ ನಂತರ ಸದ್ದು, ಹಿರಿಯರ ಪಿಸುಮಾತು. ಆ ಹುಡುಗಿ ಎಷ್ಟು ನಿದ್ದೆ ಮಾಡುತ್ತಿದ್ದಾಳೆ ಎಂದು ಯಾರಾದರೂ ಕೇಳಿದ್ದಾರೆಯೇ? ಪದೇ ಪದೇ ಆಗುತ್ತಿದ್ದರೆ, ಹಗಲಲ್ಲೂ ತಡೆಯಲಾಗದ ನಿದ್ದೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಅವಳ ಬಗ್ಗೆ ನನ್ನ ಷರತ್ತು ಒಂದೇ: ಅವಳನ್ನು ನಿಮ್ಮ ತನಿಖೆಯಿಂದ ಹೊರಗಿಡಿ. ಶನಿವಾರ ರಾತ್ರಿ ಅವಳು ನೆಂಟರ ಮನೆಯಲ್ಲಿ ಮಲಗಲಿ. 1977ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಒಂದು ಮನೆಯ ಮಕ್ಕಳ ಸುತ್ತ ವಸ್ತುಗಳು ಹಾರುತ್ತವೆ, ವಿಚಿತ್ರ ಧ್ವನಿ ಬರುತ್ತದೆ ಎಂದು ತನಿಖೆಗಾರರೂ ಪತ್ರಕರ್ತರೂ ತಿಂಗಳುಗಟ್ಟಲೆ ಅಲ್ಲೇ ಬೀಡುಬಿಟ್ಟಿದ್ದರು. ತನಿಖೆಗಾರರು ಕಂಡುಹಿಡಿಯುತ್ತಾರೋ ಇಲ್ಲವೋ ನೋಡಲೆಂದು ಕೆಲವನ್ನು ತಾವೇ ಮಾಡಿದ್ದಾಗಿ ಆ ಮಕ್ಕಳು ಆಮೇಲೆ ಒಪ್ಪಿಕೊಂಡರು. ಉಳಿದದ್ದು ಏನು ಎಂಬ ವಾದ ಇನ್ನೂ ಮುಗಿದಿಲ್ಲ. ನನಗೆ ಆ ವಾದಕ್ಕಿಂತ ಬೇರೆಯದು ಮುಖ್ಯವಾಗಿ ಕಾಣುತ್ತದೆ: ಮನೆ ತುಂಬ ಹಿರಿಯರು ಟೇಪ್ ರೆಕಾರ್ಡರ್ ಹಿಡಿದು ಒಂದು ಮಗುವಿನ ಮುಖವನ್ನೇ ನೋಡುತ್ತಾ ಕುಳಿತರೆ, ಏನಾದರೂ ಆಗಲೇಬೇಕೆಂಬ ಒತ್ತಡ ಆ ಮಗುವಿನ ಮೇಲೆ ಬೀಳುತ್ತದೆ. ಅವಳ ಜೊತೆ ಮಾತನಾಡಲೇಬೇಕಾದರೆ ಹಗಲಿನಲ್ಲಿ, ತಂದೆ ತಾಯಿ ಎದುರಿಗೆ, ಕ್ಯಾಮೆರಾ ಇಲ್ಲದೆ. ಮಾತಿನ ನಡುವೆ ಮನೆಯೊಳಗಿನ ಜಗಳ, ಹೊಡೆತ, ಶಾಲೆಯ ಭಯ ಇಂಥದ್ದೇನಾದರೂ ಇಣುಕಿದರೆ, ಅಥವಾ ಮನೆಯ ಯಾರಿಗಾದರೂ ಹಗಲಿನಲ್ಲೇ ಆಜ್ಞೆ ಮಾಡುವ ಧ್ವನಿಗಳು ಕೇಳಿಸುತ್ತಿದ್ದರೆ, ನಿಮ್ಮ ಕೆಲಸ ಅಲ್ಲಿಗೆ ನಿಂತಿತು. ಮುಂದಿನದು ವೈದ್ಯರದು, ಆಪ್ತಸಲಹೆಗಾರರದು.

'ಬಿಡು' ಎಂಬ ಧ್ವನಿಗೆ ಬರುತ್ತೇನೆ. ಒಂದು ಮನೆಯವರು ನನಗೆ ಇಂಥದ್ದೇ ರೆಕಾರ್ಡಿಂಗ್ ಕೊಟ್ಟಿದ್ದರು, ಅದರಲ್ಲಿ 'ಹೋಗು' ಎಂದಿದೆ ಎಂದು ಮೊದಲೇ ಹೇಳಿದ್ದರು. ಕೇಳಿದೆ, 'ಹೋಗು' ಎಂದೇ ಇತ್ತು, ಗಂಟಲು ಒಣಗಿದ ಗಂಡಸಿನ ದನಿ. ಮಾರನೆಯ ದಿನ ಕಚೇರಿಯಲ್ಲಿ ಐದು ಜನರನ್ನು ಒಬ್ಬೊಬ್ಬರನ್ನಾಗಿ ಕರೆದು, ಏನೂ ಹೇಳದೆ ಕೇಳಿಸಿ, ಚೀಟಿಯಲ್ಲಿ ಬರೆಯಿರಿ ಎಂದೆ. 'ನಗು', 'ಓ ಗುರು', 'ಕುರ್ಚಿ ಎಳೆದದ್ದು', 'ಕೆಮ್ಮು', 'ಏನೂ ಇಲ್ಲ'. ಆ ಚೀಟಿಗಳನ್ನು ನೋಡಿದ ಮೇಲೂ ನನ್ನ ಕಿವಿಗೆ ಅದು 'ಹೋಗು' ಎಂದೇ ಕೇಳಿಸುತ್ತಿತ್ತು ಎಂಬುದೇ ತಮಾಷೆ. ಅಸ್ಪಷ್ಟ ಸದ್ದಿನಲ್ಲಿ ಮಾತು ಹುಡುಕುವುದು ಮಿದುಳಿನ ಹುಟ್ಟುಗುಣ. ಉತ್ತರ ಮೊದಲೇ ಕೊಟ್ಟರಂತೂ ಅದು ಬೇರೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಮೊಬೈಲಿನ ರೆಕಾರ್ಡರ್ ಕಡಿಮೆ ಸದ್ದನ್ನು ತಾನೇ ಹಿಗ್ಗಿಸುತ್ತದೆ, ಕಡತ ಚಿಕ್ಕದಾಗಲೆಂದು ಕತ್ತರಿಸಿಯೂ ಹಾಕುತ್ತದೆ. ಜೇಬಿನ ಬಟ್ಟೆ ಉಜ್ಜಿದ್ದು ಕೂಡ ಉಸಿರಿನಂತೆ ಹೊರಬರಬಹುದು. ನಿಮ್ಮ ಧ್ವನಿಯನ್ನೂ ಹೀಗೇ ಚೀಟಿ ಪರೀಕ್ಷೆಗೆ ಹಾಕಿ. ನೀವು ಏನೂ ಹೇಳದಿದ್ದರೂ ಐವರಲ್ಲಿ ನಾಲ್ವರು 'ಬಿಡು' ಎಂದು ಬರೆದರೆ ಆಗ ನನಗೆ ಕಳುಹಿಸಿ, ನನಗೂ ಕುತೂಹಲವಿದೆ. ಮುಂದಿನ ಸಲ ಎರಡು ರೆಕಾರ್ಡರ್ ಇಡಿ, ಯಾರಾದರೂ ಕೆಮ್ಮಿದರೆ, ಹೊಟ್ಟೆ ಗುರುಗುಟ್ಟಿದರೆ, ಹೊರಗೆ ಬೈಕ್ ಹೋದರೆ ಆ ಕ್ಷಣವೇ 'ಅದು ನಾನು', 'ಅದು ಬೈಕ್' ಎಂದು ಬಾಯಿಬಿಟ್ಟು ಹೇಳಿ.

ಇಎಂಎಫ್ ಮೀಟರ್ ವಿದ್ಯುತ್ ಕೆಲಸದವರ ಸಾಧನ. ತಂತಿ, ಫ್ಯಾನು, ಫ್ರಿಜ್ಜುಗಳ ಸುತ್ತಲಿನ ಕಾಂತಕ್ಷೇತ್ರವನ್ನು ತೋರಿಸುತ್ತದೆ. ಐದು ದೀಪಗಳ ಅಗ್ಗದ ಮಾದರಿಗಳು ಒಂದೇ ದಿಕ್ಕಿನ ಕ್ಷೇತ್ರವನ್ನು ಅಳೆಯುತ್ತವೆ, ಕೈ ತಿರುಗಿಸಿದರೆ ಅಂಕಿ ಬದಲಾಗುತ್ತದೆ. ಹತ್ತಿರದ ಮೊಬೈಲ್ ಸಿಗ್ನಲ್ ಹುಡುಕಿದರೂ ದೀಪ ಮಿನುಗುತ್ತದೆ. ಮಂಚದ ತಲೆಭಾಗದ ಗೋಡೆಯ ಆಚೆ ಏನಿದೆ ನೋಡಿ. ಮೈನ್ ಬೋರ್ಡೋ ಫ್ರಿಜ್ಜೋ ಇರುವ ಸಾಧ್ಯತೆ ಹೆಚ್ಚು. ಅದೂ ಇಲ್ಲವೆಂದರೆ ವೈರಿಂಗ್ ತಪ್ಪಾಗಿರಬಹುದು, ಎಲೆಕ್ಟ್ರಿಷಿಯನ್ ಕರೆಸಿ. ಹಳೆಯ ಮನೆಯಲ್ಲಿ ಅದೊಂದು ಉಪಯುಕ್ತ ಕೆಲಸವೇ. ಆ ಮೀಟರ್ ದೆವ್ವವನ್ನು ಅಳೆಯುತ್ತದೆ ಎನ್ನಲು ಮೊದಲು ದೆವ್ವವೊಂದನ್ನು ಪಕ್ಕದಲ್ಲಿಟ್ಟು ಅಂಕಿ ಹೊಂದಿಸಿರಬೇಕಿತ್ತು. ಯಾರೂ ಹಾಗೆ ಮಾಡಿಲ್ಲ.

ತಣ್ಣನೆಯ ಮೂಲೆಯನ್ನು ಬಂದೂಕಿನಂಥ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆದಿದ್ದರೆ, ನೀವು ಅಳೆದದ್ದು ಗೋಡೆಯ ಮೇಲ್ಮೈಯನ್ನು, ಗಾಳಿಯನ್ನಲ್ಲ. ಊದುಬತ್ತಿಯ ಹೊಗೆ ಎತ್ತ ವಾಲುತ್ತದೆ ನೋಡಿ, ಗೋಡೆ ಒದ್ದೆಯಾಗಿದೆಯೇ ಮುಟ್ಟಿ. ಪ್ರೇತವೆಂದು ಕೆಲವರು ತೋರಿಸುವ, ಫೋಟೊದಲ್ಲಿನ ಬೆಳಕಿನ ಉಂಡೆಗಳ ಬಗ್ಗೆ ನೀವು ಬರೆದಿಲ್ಲ, ಒಳ್ಳೆಯದಾಯಿತು. ಹೊದಿಕೆ ಕೊಡವಿ ಧೂಳೆಬ್ಬಿಸಿ ಫ್ಲಾಶ್ ಹಾಕಿದರೆ ಬೇಕಾದಷ್ಟು ಸಿಗುತ್ತವೆ.

ಇಷ್ಟು ಹೇಳಿದ ಮೇಲೆ ನನ್ನ ಕಡೆಯವರಿಗೂ ಒಂದು ಮಾತು ಹೇಳಬೇಕು. ದೆವ್ವವನ್ನು ನಂಬದವರಿಗೂ ಅವಸರವಿರುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಎರಡೂ ಕಡೆ ಇದ್ದಾರೆ. 1998ರಲ್ಲಿ ಬ್ರಿಟನ್ನಿನ ಎಂಜಿನಿಯರ್ ವಿಕ್ ಟ್ಯಾಂಡಿ ಒಂದು ಸೊಗಸಾದ ಪ್ರಬಂಧ ಬರೆದರು. ಅವರ ಪ್ರಯೋಗಾಲಯದಲ್ಲಿ ಮೈ ಬೆವರುವ ಭಯ, ಕಣ್ಣಂಚಿನಲ್ಲಿ ಬೂದು ಆಕೃತಿ. ಮಾರನೆಯ ದಿನ ಕತ್ತಿವರಸೆಯ ಅಲಗನ್ನು ವೈಸ್‌ಗೆ ಸಿಕ್ಕಿಸಿಟ್ಟರೆ ಅದು ತಾನಾಗಿಯೇ ಅದುರತೊಡಗಿತು. ಹೊಸದಾಗಿ ಹಾಕಿದ್ದ ಫ್ಯಾನ್ ಒಂದು ಸುಮಾರು 19 ಹರ್ಟ್ಸ್‌ನ, ಕಿವಿಗೆ ನಿಲುಕದ ಶಬ್ದವನ್ನು ಕೋಣೆಯೊಳಗೆ ನಿಲ್ಲಿಸಿತ್ತು. ಅಂದಿನಿಂದ 'ದೆವ್ವ ಎಂದರೆ 19 ಹರ್ಟ್ಸ್' ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಶಬ್ದದ ಎಂಜಿನಿಯರ್ ಆದ ನನಗೆ ಇದಕ್ಕಿಂತ ಪ್ರಿಯವಾದ ವಿವರಣೆ ಬೇರೆ ಯಾವುದಿದ್ದೀತು! ಆದರೆ 2009ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ ಮತ್ತು ಸಂಗಡಿಗರು ಒಂದು ಖಾಲಿ ಕೋಣೆ ಕಟ್ಟಿ, 79 ಜನರನ್ನು ಒಳಗೆ ಬಿಟ್ಟು, ಅವರಿಗೆ ತಿಳಿಯದಂತೆ ಇಂಥ ಶಬ್ದವನ್ನೂ ಕಾಂತಕ್ಷೇತ್ರವನ್ನೂ ಹಾಕುತ್ತಾ ತೆಗೆಯುತ್ತಾ ಹೋದರು. ಹಲವರಿಗೆ ವಿಚಿತ್ರ ಅನುಭವಗಳಾದವು. ಯಂತ್ರ ಚಾಲೂ ಇತ್ತೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ವಿಚಿತ್ರವಾದದ್ದೇನಾದರೂ ಅನುಭವಕ್ಕೆ ಬರಬಹುದು ಎಂದು ಅವರಿಗೆ ಮೊದಲೇ ತಿಳಿಸಲಾಗಿತ್ತು. ಆ ಸೂಚನೆಯೇ ಕೆಲಸ ಮಾಡಿದ್ದಿರಬಹುದು ಎಂಬುದು ಸರಳ ಓದು. ಹಾಗಾಗಿ ಫ್ಯಾನ್ ಕಂಡ ತಕ್ಷಣ 'ಬಗೆಹರಿಯಿತು' ಎನ್ನಬೇಡಿ. ಫ್ಯಾನ್ ನಿಲ್ಲಿಸಿ, ಸದ್ದು ನಿಲ್ಲುತ್ತದೆಯೇ ನೋಡಿ. ಮತ್ತೆ ಹಾಕಿ, ಮರಳುತ್ತದೆಯೇ ನೋಡಿ.

ಹೀಗೆ ಕೈಯಿಟ್ಟು ನೋಡುವುದರಲ್ಲಿ ಮೈಕೆಲ್ ಫ್ಯಾರಡೆಯನ್ನು ಮೀರಿಸಿದವರಿಲ್ಲ. 1853ರಲ್ಲಿ ಪ್ರೇತಗಳು ಮೇಜು ತಿರುಗಿಸುತ್ತವೆ ಎಂಬ ಹುಚ್ಚು ಎದ್ದಿತ್ತು. ಮೇಜಿನ ಸುತ್ತ ಕೂತವರು ಪ್ರಾಮಾಣಿಕರೇ, ತಾವು ತಳ್ಳುತ್ತಿಲ್ಲ ಎಂದೇ ನಂಬಿದ್ದರು. ಫ್ಯಾರಡೆ ಅವರ ಜೊತೆ ವಾದಕ್ಕೆ ಇಳಿಯಲಿಲ್ಲ. ರಟ್ಟಿನ ಹಾಳೆಗಳನ್ನು ಮೆತ್ತನೆಯ ಅಂಟಿನಿಂದ ಪದರಪದರವಾಗಿ ಜೋಡಿಸಿ ಕೈಗಳ ಕೆಳಗೆ ಇಟ್ಟರು. ಮೇಜು ಮೊದಲು ಚಲಿಸಿದರೆ ಕೆಳಗಿನ ಹಾಳೆ ಮುಂದೆ ಹೋಗಬೇಕು. ಹೋದದ್ದು ಮೇಲಿನ ಹಾಳೆ. ಕೈಯೇ ತಳ್ಳುತ್ತಿತ್ತು, ಕೈಯ ಒಡೆಯನಿಗೆ ತಿಳಿಯದಂತೆ. ಕೈ ತಳ್ಳಿದ್ದನ್ನು ಅವರಿಗೇ ತೋರಿಸುವ ಮುಳ್ಳೊಂದನ್ನು ಜೋಡಿಸಿದ ಮೇಲೆ ಮೇಜು ತಿರುಗುವುದೇ ನಿಂತಿತು. ಯಾರನ್ನೂ ಸುಳ್ಳುಗಾರರೆಂದು ಕರೆಯಬೇಕಾಗಲಿಲ್ಲ. ನಿಮ್ಮ ಪರಿಚಯದವರ ಮನೆಯಲ್ಲೂ ಇದೇ ಭಾವ ಇರಲಿ: ಅವರು ಕೇಳಿದ್ದು, ಕಂಡದ್ದು ನಿಜ, ಅದು ಏನು ಎಂಬುದಷ್ಟೇ ಪ್ರಶ್ನೆ.

ನಡೆಸುವ ಬಗೆಗೆ ಬಂದರೆ, ನಿಮ್ಮ ಬಳಿ ಹಣಕೊಟ್ಟರೂ ಸಿಗದ ಒಂದು ಉಪಕರಣವಿದೆ, ನಾಲ್ವರಿದ್ದೀರಿ. ಕಳೆದ ಸಲ ಬಾರದ ಗೆಳೆಯರೊಬ್ಬರಿದ್ದರೆ, ಇಲ್ಲವೇ ಹೊಸಬರೊಬ್ಬರನ್ನು ಸೇರಿಸಿಕೊಂಡರೆ, ಅವರಿಗೆ ಯಾವ ಕೋಣೆಯಲ್ಲಿ ಏನಾಗಿದೆ ಎಂದು ಹೇಳಲೇಬೇಡಿ. ಮನೆಯ ನಕ್ಷೆ ಕೊಟ್ಟು ಒಬ್ಬರೇ ಸುತ್ತಿ ಬರಲಿ, ಎಲ್ಲಿ ಮುಜುಗರವಾಯಿತು, ಎಲ್ಲಿ ಮೀಟರ್ ಏರಿತು ಗುರುತು ಹಾಕಲಿ. ಆಮೇಲೆ ಮನೆಯವರ ಗುರುತುಗಳ ಜೊತೆ ಹೋಲಿಸಿ. ಏನೂ ಆಗದ ಕೋಣೆಗಳಲ್ಲೂ ಅಷ್ಟೇ ಹೊತ್ತು ಅಳೆಯಿರಿ. ಅಡುಗೆಮನೆಯಲ್ಲೂ ಅದೇ ಅಂಕಿ ಬಂದರೆ ಮಲಗುವ ಕೋಣೆಯ ಅಂಕಿಗೆ ಅರ್ಥವಿಲ್ಲ.

ಮನೆಯವರನ್ನು ಬೇರೆಬೇರೆಯಾಗಿ ಮಾತನಾಡಿಸಿ, 'ಏನಾಯಿತು ಹೇಳಿ' ಎಂದು ಸುಮ್ಮನಾಗಿ. 'ಆಕೃತಿ ಹೆಂಗಸಿನದೇ?' ಎಂದು ಕೇಳಿದರೆ ಮುಂದಿನ ವಾರ ಅದು ಹೆಂಗಸಾಗಿರುತ್ತದೆ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಕಾರು ಅಪಘಾತದ ಚಿತ್ರ ತೋರಿಸಿ, ಒಂದು ಗುಂಪಿಗೆ ಕಾರುಗಳು 'ತಾಗಿದಾಗ' ಎಷ್ಟು ವೇಗವಿತ್ತು ಎಂದೂ ಇನ್ನೊಂದು ಗುಂಪಿಗೆ 'ಅಪ್ಪಳಿಸಿದಾಗ' ಎಷ್ಟಿತ್ತು ಎಂದೂ ಕೇಳಿದರು. ವಾರದ ನಂತರ ಒಡೆದ ಗಾಜು ಕಂಡಿರಾ ಎಂದರೆ ಮೊದಲ ಗುಂಪಿನ 50 ಜನರಲ್ಲಿ 7 ಮಂದಿ, ಎರಡನೆಯದರ 50ರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದ ಇಷ್ಟು ಮಾಡುವಾಗ ನಿಮ್ಮ ಪ್ರಶ್ನೆಗಳು ಏನೆಲ್ಲ ಮಾಡಿಯಾವು!

ನಿಮ್ಮ ಮುಂದೆ ಈಗ ಕೆಲವು ದಾರಿಗಳಿವೆ. ಶನಿವಾರ ಹೋಗದೇ ಇರಬಹುದು. ಆದರೆ ಅವರು ಭಯದಲ್ಲೇ ಉಳಿಯುತ್ತಾರೆ, ಹಣ ಕೇಳುವ ಯಾರನ್ನಾದರೂ ಕರೆಯಬಹುದು. ಇಡೀ ರಾತ್ರಿ ಕೂರಬಹುದು. ನಿದ್ದೆಗೆಟ್ಟ ನಾಲ್ವರು ಕತ್ತಲಲ್ಲಿ ಕಾಯುತ್ತಾ ಕೂತರೆ ಬೆಳಗಿನ ಮೂರಕ್ಕೆ ಗೋಡೆಯ ಪಲ್ಲಿಯೂ ಪ್ರೇತವಾಗುತ್ತದೆ. ನನ್ನ ಒಲವು ಮೂರನೆಯದರ ಕಡೆಗೆ. ಹಗಲಿನಲ್ಲಿ ಹೋಗಿ, ದೀಪ ಹಾಕಿಕೊಂಡು, ಮೇಲೆ ಹೇಳಿದ್ದನ್ನೆಲ್ಲ ನೋಡಿ. ಎರಡು ವಾರ ಮನೆಯವರು ಒಂದು ದಿನಚರಿ ಬರೆಯಲಿ: ಗಂಟೆ, ಸದ್ದು ಎಷ್ಟು ಹೊತ್ತು, ಆಗ ಯಾರು ಎಲ್ಲಿದ್ದರು, ಪಂಪು ಓಡುತ್ತಿತ್ತೇ, ಹಗಲು ಬಿಸಿಲಿತ್ತೇ ಮೋಡವಿತ್ತೇ. ಮೋಡದ ದಿನ ಹೆಜ್ಜೆ ಕೇಳಿಸದಿದ್ದರೆ ನನ್ನ ಪೈಪಿನ ಕಥೆಗೆ ಬಲ ಬರುತ್ತದೆ. ಸದಾ ಒಂದೇ ಗಂಟೆಗೆ ಕೇಳಿಸಿದರೆ ನೆರೆಯವರನ್ನು ನೋಡಬೇಕು. ಇದಕ್ಕೂ ಒಂದು ಅಪಾಯವಿದೆ, ಬರೆಯುತ್ತಾ ಹೋದವರ ಕಿವಿ ಇನ್ನೂ ಚುರುಕಾಗುತ್ತದೆ. ಅದಕ್ಕೇ ಎರಡು ವಾರ, ಅದಕ್ಕಿಂತ ಹೆಚ್ಚಲ್ಲ. ಅದರ ನಂತರವೂ ಬೇಕೆನಿಸಿದರೆ ರಾತ್ರಿ 11ರಿಂದ 1ರವರೆಗೆ ಇರಿ, ಮನೆಗೆ ಹೋಗಿ ಮಲಗಿ. ಬಾಡಿಗೆದಾರರ ಒಪ್ಪಿಗೆ ಬರಹದಲ್ಲಿರಲಿ. ಗೋಡೆ, ಚಾವಣಿ, ವೈರಿಂಗ್ ಮುಟ್ಟಬೇಕಾದರೆ ಮನೆ ಮಾಲೀಕರ ಒಪ್ಪಿಗೆಯೂ ಬೇಕು. ಹಣ ತೆಗೆದುಕೊಳ್ಳಬೇಡಿ. ಪ್ರೇತವನ್ನು ಕೆಣಕುವ ಕೂಗಾಟ, ಪ್ರೇತದ ಜೊತೆ ಮಾತಾಡಲೆಂದು ಇಡುವ ಅಕ್ಷರದ ಹಲಗೆ (ಊಯಿಜಾ ಬೋರ್ಡ್) ಯಾವುದೂ ಬೇಡ.

ವಿಡಿಯೊ ಮಾಡುವ ಗೆಳೆಯರಿಗೆ ಹೇಳಿ: ದಾಖಲೆಗೆ ಚಿತ್ರೀಕರಿಸಬಹುದು, ಪ್ರದರ್ಶನಕ್ಕೆ ಬೇಡ. ಆ ಹುಡುಗಿ ನಾಳೆ ಶಾಲೆಗೆ ಹೋಗಬೇಕು, ಆ ಮನೆಗೆ ಮುಂದೆ ಬೇರೆ ಬಾಡಿಗೆದಾರರು ಬರಬೇಕು. ಇದರ ರುಚಿ ಹತ್ತಿದವರು ಮುಂದೆ ಪಾಳುಕಟ್ಟಡ, ರೈಲುಹಳಿ ಹುಡುಕಿಕೊಂಡು ಹೋಗುತ್ತಾರೆ ಎಂಬುದೂ ನನ್ನ ಆತಂಕ. 1891ರ ಆಗಸ್ಟ್ 27ರಂದು ಅಮೆರಿಕದ ಸ್ಟೇಟ್ಸ್‌ವಿಲ್ ಬಳಿ ಸೇತುವೆಯಿಂದ ರೈಲೊಂದು ಉರುಳಿತ್ತು. ವರ್ಷವರ್ಷ ಅದೇ ರಾತ್ರಿ ಪ್ರೇತರೈಲು ಬರುತ್ತದೆ ಎಂಬ ಪ್ರತೀತಿ. 2010ರ ಅದೇ ದಿನಾಂಕ, ಹತ್ತು ಹನ್ನೆರಡು ಜನ ಅದನ್ನು ನೋಡಲೆಂದು ಸೇತುವೆಯ ಮೇಲೆ ಕಾದು ನಿಂತಿದ್ದರು. ನಿಜವಾದ ರೈಲು ಬಂತು. ಒಬ್ಬ ಯುವಕ ಸತ್ತ.

ಕೊನೆಯ ಪ್ರಶ್ನೆ, ಮನೆಯವರಿಗೆ ಏನು ಹೇಳುವುದು. ಸ್ಥಳದಲ್ಲಿ ಏನನ್ನೂ ಹೇಳಬೇಡಿ. 'ಎಲ್ಲ ನೋಡಿಕೊಂಡು ಬರೆದು ಕೊಡುತ್ತೇವೆ' ಎನ್ನಿ. ಬರೆಯುವಾಗ ಅವರು ಹೇಳಿದ್ದು ಒಂದು ಕಡೆ, ನೀವು ಅಳೆದದ್ದು ಇನ್ನೊಂದು ಕಡೆ ಇರಲಿ, ಎರಡನ್ನೂ ಕಲಸಬೇಡಿ. ಕಾರಣ ಸಿಕ್ಕಿದ್ದನ್ನು ಹೇಗೆ ಸಿಕ್ಕಿತು ಎಂಬುದರ ಸಮೇತ ಬರೆಯಿರಿ. ಸಿಗದ್ದರ ಮುಂದೆ 'ಗೊತ್ತಾಗಲಿಲ್ಲ' ಎಂದು ಬರೆದು ನಿಲ್ಲಿಸಿ. ನನ್ನ ಕಡತಗಳಲ್ಲೂ ಅಂಥವು ಕೆಲವಿವೆ. ಎರಡು ವಾರ ಕೂತು ಕೇಳಿದರೂ ಒಂದು ಮನೆಯ ಬಾಗಿಲು ಬಡಿತ ನನಗೆ ಇಂದಿಗೂ ಅರ್ಥವಾಗಿಲ್ಲ. 'ಗೊತ್ತಾಗಲಿಲ್ಲ' ಎಂಬುದರ ಅರ್ಥ ದೆವ್ವ ಎಂದಲ್ಲ, ಅದನ್ನೂ ಅದೇ ಸಾಲಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಓದುವವರು ಬರೆದುಕೊಳ್ಳುತ್ತಾರೆ. 'ಈ ಮನೆ ಶುದ್ಧವಾಗಿದೆ' ಎಂಬ ಪ್ರಮಾಣಪತ್ರವನ್ನೂ ಕೊಡಬೇಡಿ. ಆ ಅಧಿಕಾರ ನಿಮಗೆ ಯಾರು ಕೊಟ್ಟರು?

ಆ ಹುಡುಗಿ ನಿಮ್ಮನ್ನು ಬಾಗಿಲಲ್ಲೇ ತಡೆದು 'ಸಿಕ್ಕಿತಾ?' ಎಂದು ಕೇಳುತ್ತಾಳೆ, ಕೇಳಿಯೇ ಕೇಳುತ್ತಾಳೆ. ಮಂಡಿಯೂರಿ ಕೂತು, ನಿದ್ದೆಯ ಕಟ್ಟು ತಡವಾಗಿ ಬಿಚ್ಚುವ ಕಥೆಯನ್ನು ಹೇಳಿ. ಇನ್ನೊಮ್ಮೆ ಹಾಗಾದರೆ ಎದ್ದು ಕೂರಲು ಹೆಣಗಬೇಡ, ಕಾಲಿನ ಹೆಬ್ಬೆರಳೊಂದನ್ನು ಅಲುಗಿಸಲು ನೋಡು, ಹಲವರಿಗೆ ಕಟ್ಟು ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ, ಆಮೇಲೆ ಅಮ್ಮನನ್ನು ಕರೆ ಎಂದು ಹೇಳಿಕೊಡಿ. ಮೀಟರ್ ಬ್ಯಾಗಿನೊಳಗೇ ಇರಲಿ.